ಮಾಯಿಗ ಹಲ್ಲು ಕೀಳಿಸಿ ಬಂದದ್ದು

ಬನ್ರಪ್ಪಾ, ಹತ್ತಿರ ಕೂತ್ಕೊಳ್ಳಿ. ಕೆಂಪಾಜಮ್ಮನಿಗೆ ಒಬ್ಬ ಮಗ, ಮಾಯಿಗ ಅಂತ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ನಿನ್ನ ಹೆರೋ ಬದಲು ಕಲ್ಲು ಹೆತ್ತಿದ್ರೆ ಬಟ್ಟೆನಾದ್ರೂ ಒಗೀಬಹುದಿತ್ತು!" ಅಂತ ಅವ್ವ ದಿನಾ ಹಣೆ ಚಚ್ಕೊಳ್ಳೋಳು.

ಮನೇಲಿದ್ದ ಮಗಳ ಮಗಳು ಚಂಪಿಗೆ ಹುಳುಕು ಹಲ್ಲು. ನಿದ್ದೆಯಿಲ್ಲ, ಬರೀ ನರಳಾಟ. ಅಜ್ಜಿಗೆ ಕರುಳು ಕಿತ್ತು ಬರ್ತಿತ್ತು. ಮಂಡಿ ನೋವು ಬೇರೆ, ಪೇಟೆಗೆ ಹೋಗೋ ಹಾಗಿಲ್ಲ. ಇನ್ನೇನು ಮಾಡ್ತಾಳೆ ಪಾಪ, ಮಾಯಿಗನನ್ನೇ ಕರೆದಳು.

"ಲೋ, ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಅತ್ತರೆ ಏನಾದ್ರೂ ತಿನ್ಸು!"

ಮಗು ದಾರಿಯುದ್ದಕ್ಕೂ ಅತ್ತಿತು. ಇವನು ದಾರಿಯುದ್ದಕ್ಕೂ ತಿನ್ನಿಸಿದ. ಇಡ್ಲಿ, ಹಲ್ವ, ಬಾಳೆಹಣ್ಣು!

ಡಾಕ್ಟ್ರಮ್ಮ ಬೈದರು. "ಏನಪ್ಪಾ ನೀನು! ಸೂಜಿ ನೋಯಬಾರದು ಅಂತ ಮೂಗಿಗೆ ಮುಚ್ಚಳ ಇಟ್ಟು ನಗು ಬರೋ ಗಾಳಿ ಕೊಡ್ತೀವಿ. ಎಚ್ಚರ ಇರ್ತದೆ, ನಗ್ತಾ ಇರ್ತಾಳೆ. ಆದ್ರೆ ಹೊಟ್ಟೆ ಬಿರಿಯ ತಿಂದಿದ್ರೆ ವಾಂತಿ ಆಗ್ತದೆ. ನಾಳೆ ಬಾ!"

ಮನೆಗೆ ಬಂದ್ರೆ ಅವ್ವ ಉರಿದು ಬಿದ್ದಳು. "ಅಯ್ಯೋ ಮಂಕೇ! ಕೆಲಸ ಮುಗಿಯೋವರೆಗೂ ತಿನ್ನೋಕೆ ಬಿಡಬೇಡ!"

ಸರಿ, ಮಾರನೇ ದಿನ ಹೋದ. ಡಾಕ್ಟ್ರಮ್ಮ ಒಳಗೆ ದೋಸೆ ತಿಂತಾ ಕೂತಿದ್ರು. ಮಾಯಿಗ ನುಗ್ಗಿ ಬಾಯಿಗೆ ಹೋಗ್ತಿದ್ದ ತುತ್ತು ಕಿತ್ಕೊಂಡ! "ಕೆಲಸ ಆಗಿಲ್ಲ, ತಿನ್ನೋ ಹಾಗಿಲ್ಲ!"

ರಂಪವೋ ರಂಪ. ಆ ಗಲಾಟೇಲಿ ಚಂಪಿ ಮೂಗಿನ ಮುಚ್ಚಳ ನೋಡಿ ಕಿರುಚಿ ಬಾಗಿಲು ಹಿಡ್ಕೊಂಡಳು. ಇಬ್ಬರೂ ವಾಪಸ್ಸು. ಹಲ್ಲು ಅಲ್ಲೇ, ನೋವೂ ಅಲ್ಲೇ.

"ಥೂ ನಿನ್ನ!" ಅಂದಳು ಅವ್ವ. "ಮಗು ಹೆದರಿದ್ರೆ ದೊಡ್ಡೋನು ಮಾಡಿ ತೋರಿಸ್ಬೇಕು ಕಣೋ. ಏನೇ ಇರ್ಲಿ, ಮೊದಲು ನೀನು, ಆಮೇಲೆ ಅವಳು!"

"ಆಗಲಿ ಕಣವ್ವ. ಮೊದಲು ನಾನು, ಆಮೇಲೆ ಅವಳು."

ಮತ್ತೆ ಹೋದ. ಡಾಕ್ಟ್ರಮ್ಮ ತಡೆಯೋದ್ರೊಳಗೆ ಕುರ್ಚಿ ಹತ್ತಿ ಮುಚ್ಚಳ ಮೂಗಿಗೆ ಇಟ್ಕೊಂಡ. ಗಾಳಿ ಇನ್ನೂ ಬಿಟ್ಟೇ ಇರಲಿಲ್ಲ, ಆದ್ರೂ ಹಿಹಿಹಿ ಅಂತ ನಕ್ಕ! ಅದನ್ನ ನೋಡಿ ಚಂಪಿಗೂ ನಗು. "ಇಳಿ ಮಾಮ, ಈಗ ನಾನು!" ಅಂತ ತಾನೇ ಹತ್ತಿ ಕೂತಳು. ಗಾಳಿ ಎಳ್ಕೊಂಡಳು, ಮೈ ಹಗುರಾಯ್ತು. ಸೂಜಿ ಹೋದದ್ದೂ ಗೊತ್ತಿಲ್ಲ, ಹಲ್ಲು ಬಂದದ್ದೂ ಗೊತ್ತಿಲ್ಲ!

"ಈ ಹತ್ತಿ ಉಂಡೆ ಕಚ್ಕೊ ಮಗಳೇ" ಅಂದರು ಡಾಕ್ಟ್ರಮ್ಮ. ಮೊದಲು ಮಾಯಿಗ ಒಂದುಂಡೆ ಕಚ್ಕೊಂಡ, ಆಮೇಲೆ ಚಂಪಿ. ಸ್ವಲ್ಪ ಹೊತ್ತು ಕೂರಿಸಿ, "ಇನ್ನು ಮನೆಗೆ ಹೋಗು" ಅಂದರು. ಮಾಯಿಗ ದಡಬಡ ಎದ್ದು ಹೊರಟ.

ಅವ್ವ ಬಾಗಿಲಲ್ಲೇ ಕಾಯ್ತಿದ್ದಳು. "ಹಲ್ಲು ಕಿತ್ತರೇನೋ?"

ಬಾಯಲ್ಲಿ ಇನ್ನೂ ಹತ್ತಿ, ಹೌದು ಅಂತ ತಲೆಯಾಡಿಸಿದ.

"ಅತ್ತಳೇನೋ?"

ಇಲ್ಲ ಅಂತ ಕೈ ಆಡಿಸಿದ.

ಕೆಂಪಾಜಮ್ಮನ ಕಣ್ಣು ತುಂಬಿ ಬಂತು. "ನನ್ನಪ್ಪನೇ! ಕೊನೆಗೂ ಒಂದು ಕೆಲಸ ನೆಟ್ಟಗೆ ಮಾಡ್ದೆ! ಎಲ್ಲೋ ನನ್ನ ಕೂಸು?"

ಮಾಯಿಗ ಹತ್ತಿ ಉಗಿದ. "ಅಲ್ಲೇ ಕುರ್ಚಿ ಮೇಲೆ ಕೂತವಳೆ ಕಣವ್ವ. ಮನೆಗೆ ಹೋಗೋದು ಹೆಂಗೆ ಅಂತ ಮೊದಲು ನಾನು ತೋರಿಸ್ತಾ ಇವ್ನಿ!"