ಮುಗಿಲಿ ಒದ್ದೆ ಕೂದಲು ಕಟ್ಟಿದ್ದು

ಲೋಕ ಆಗ ಹೊಸತು. ಎಲೆಗಳಿಗೆ ಬಳಿದ ಹಸಿರು ಇನ್ನೂ ಆರಿರಲಿಲ್ಲ. ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಕಡಲು ಮಾತ್ರ ಆಗಲೂ ಮುದುಕನೇ. ಎಲ್ಲರೂ ಅವನನ್ನು ಕಡಲಜ್ಜ ಎನ್ನುತ್ತಿದ್ದರು.

ಕಡಲಜ್ಜನಿಗೆ ಒಬ್ಬಳು ಮೊಮ್ಮಗಳು. ಹೆಸರು ಮುಗಿಲಿ. ಕಡಲಿಗೆ ಮೊಮ್ಮಗಳು ಎಲ್ಲಿಂದ ಬಂದಳು ಎಂದು ಕೇಳಬೇಡಿ. ಇದ್ದಳು.

ಮುಗಿಲಿಯದು ಉದ್ದ ಕೂದಲು. ಅವಳು ಆಕಾಶದ ಆ ತುದಿಯಲ್ಲಿ ಕೂತರೆ ಕೂದಲು ಈ ತುದಿಯವರೆಗೆ ಬರುತ್ತಿತ್ತು. ಕಪ್ಪು. ದಟ್ಟ. ನೋಡಿದವರೆಲ್ಲ ಚೆಂದ ಎನ್ನುತ್ತಿದ್ದರು. ಚೆಂದ ಎನ್ನುವುದಕ್ಕೆ ಏನು ಕಷ್ಟ? ತೊಳೆಯುವವರಿಗೆ ಗೊತ್ತು.

ತೊಳೆಯುತ್ತಿದ್ದವನು ಕಡಲಜ್ಜ. ಉಪ್ಪು ಕೂದಲಿಗೆ ಒಳ್ಳೆಯದಲ್ಲ ಎಂದು ಉಪ್ಪನ್ನೆಲ್ಲ ಕೆಳಗೆ ಹಿಡಿದಿಟ್ಟು, ಸಿಹಿನೀರನ್ನು ಮಾತ್ರ ಮೇಲೆ ಬಿಡುತ್ತಿದ್ದ. ಆಮೇಲೆ ಗಾಳಿ ಬರುತ್ತಿದ್ದ. ಕೂದಲನ್ನು ನೆಲದ ಮೇಲೆಲ್ಲ ಹರಡಿ, ಎಳೆ ಎಳೆ ಬಿಡಿಸಿ, ಆರಿಸುತ್ತಿದ್ದ. ಕೂದಲಿನಿಂದ ತೊಟ್ಟಿಕ್ಕಿದ ನೀರೇ ಮಳೆ.

ಆ ಕಾಲದ ಮಳೆಗೆ ಸದ್ದಿರಲಿಲ್ಲ. ಮಳೆ ಬರುವ ಮುಂಚೆ ಸೆಕೆ ಇರಲಿಲ್ಲ. ಗುಡುಗಿಲ್ಲ, ಮಿಂಚಿಲ್ಲ. ಜನ ಒಳಗೆ ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಮಳೆ ಬಂದು ಹೋಗಿರುತ್ತಿತ್ತು.

ಪ್ರತಿ ಸಲ ತೊಳೆದ ಮೇಲೆ ಅಜ್ಜ ಒಂದೇ ಮಾತು ಹೇಳುತ್ತಿದ್ದ. "ಒದ್ದೆ ಕೂದಲು ಕಟ್ಟಬಾರದು."

ಪ್ರತಿ ಸಲ ಮುಗಿಲಿ ಹೂಂ ಎನ್ನುತ್ತಿದ್ದಳು.

ಒಂದು ಬೇಸಿಗೆ ಬಂತು. ಬಿಸಿಲೆಂದರೆ ಬಿಸಿಲು. ಕಡಲಜ್ಜ ಬೆಂದು ಹಬೆಯಾಡುತ್ತಿದ್ದ. ಆ ದಿನ ಮುಗಿಲಿ ತಲೆ ತೊಳೆದು ಕೂತಳು. ಗಾಳಿ ಬೆಳಗಿನಿಂದ ಬೀಸಿದ. ಕೂದಲು ಒಣಗಲಿಲ್ಲ. ಮಧ್ಯಾಹ್ನದವರೆಗೆ ಬೀಸಿದ. ಒಣಗಲಿಲ್ಲ.

ಕೂದಲು ಕುತ್ತಿಗೆಗೆ ಅಂಟಿತು. ಬೆನ್ನಿಗೆ ಅಂಟಿತು. ಕಿವಿಯ ಹಿಂದೆ ಬೆವರುಗುಳ್ಳೆ ಎದ್ದವು. ಮುಗಿಲಿ ಕೆರೆದಳು. ಕೆರೆದಷ್ಟೂ ಉರಿಯಿತು.

ಒಣಗಿತಾ ಎಂದು ಕೇಳಿದಳು. ಇಲ್ಲ ಎಂದ ಗಾಳಿ. ಒಂದು ಗಳಿಗೆ ಬಿಟ್ಟು ಮತ್ತೆ ಕೇಳಿದಳು. ಇಲ್ಲ ಎಂದ ಗಾಳಿ.

ಕೊನೆಗೆ ಅವಳು ಕೆಳಗೆ ತಿರುಗಿದಳು. "ಎಲ್ಲ ನಿನ್ನಿಂದ ಅಜ್ಜ. ನೀನು ಕೆಳಗಿನಿಂದ ಹಬೆ ಬಿಡುತ್ತೀಯ. ಮೇಲೆ ಇದು ಒಣಗುವುದು ಹೇಗೆ?"

"ನಾನು ಉಸಿರಾಡುವುದು ಬೇಡವಾ?"

"ಆಚೆ ತಿರುಗಿ ಉಸಿರಾಡು."

"ಕಡಲಿಗೆ ಆಚೆ ಎಂಬುದಿಲ್ಲ."

ಮುಗಿಲಿಗೆ ರೇಗಿತು. ಅಷ್ಟೂ ಕೂದಲನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು. ತಿರುಚಿದಳು. ಸುತ್ತಿದಳು. ನೆತ್ತಿಯ ಮೇಲೆ ತುರುಬು ಕಟ್ಟಿದಳು. ಒದ್ದೆ ಕೂದಲು.

ಆ ಕೂದಲಿನ ನಡುವೆ ಗಾಳಿ ಇದ್ದ. ಕೆಲಸ ಮಾಡುತ್ತಿದ್ದವನು. ತುರುಬಿನೊಳಗೆ ಅವನೂ ಸುತ್ತಿಕೊಂಡ.

ಅವನು ಒಳಗಿನಿಂದ ಕೂಗಿದ. ಹತ್ತಿ ಮೂಟೆಯೊಳಗಿಂದ ಕೂಗಿದ ಹಾಗೆ ಕೇಳಿಸಿತು. ಸಾಯಂಕಾಲ ಬಿಚ್ಚುತ್ತೇನೆ, ಸುಮ್ಮನಿರು ಎಂದಳು ಮುಗಿಲಿ. ಕುತ್ತಿಗೆಗೆ ಹಾಯೆನಿಸಿತ್ತು. ಸಾಯಂಕಾಲ ಮರೆತಳು.

ಮರುದಿನ ತುರುಬು ಮುಗ್ಗಲು ವಾಸನೆ ಹೊಡೆಯಿತು. ಅವಳಿಗೇ ಮೂಗು ಮುಚ್ಚಿಕೊಳ್ಳುವ ಹಾಗಾಯಿತು. ಬಿಚ್ಚಲು ನೋಡಿದಳು. ಗಂಟು ಗಂಟಿಗೆ ಸೇರಿ ಒಂದೇ ಮುದ್ದೆಯಾಗಿತ್ತು. ಎಳೆದರೆ ಪ್ರಾಣ ಹೋಗುವಷ್ಟು ನೋವು. ನಾಚಿಕೆ ಬೇರೆ. ನಾನು ಬಿಚ್ಚುವುದಿಲ್ಲ ಎಂದು ಮುಖ ದಪ್ಪ ಮಾಡಿಕೊಂಡು ಕೂತಳು.

ಕೆಳಗೆ ಸೆಕೆ ಹುಟ್ಟಿತು.

ಅದಕ್ಕೆ ಮುಂಚೆ ಲೋಕದಲ್ಲಿ ಸೆಕೆ ಎಂಬುದೇ ಇರಲಿಲ್ಲ. ಈಗ ತೆಂಗಿನ ಗರಿ ಅಲುಗಲಿಲ್ಲ. ಹಪ್ಪಳ ಒಣಗಲಿಲ್ಲ. ಭರಣಿಯ ಉಪ್ಪು ನೀರಾಯಿತು. ಬೆಳಿಗ್ಗೆ ಮಾಡಿದ ಅನ್ನ ಮಧ್ಯಾಹ್ನಕ್ಕೆ ಹಳಸಿತು. ಕೂತರೆ ಬೆವರು, ಎದ್ದರೆ ಬೆವರು. ಗಂಡ ಹೆಂಡತಿಯ ಮೇಲೆ ರೇಗಿದ, ಹೆಂಡತಿ ಬೆಕ್ಕಿನ ಮೇಲೆ ರೇಗಿದಳು, ಬೆಕ್ಕು ಎದ್ದು ಹೋಗಿ ಹಿತ್ತಲಲ್ಲಿ ಮಲಗಿತು. ಅಲ್ಲೂ ಸೆಕೆ.

ಎಲ್ಲರೂ ಕಡಲಜ್ಜನ ಬಳಿ ದೂರು ತಂದರು. ನಿಮ್ಮ ಮೊಮ್ಮಗಳು, ನೀವೇ ನೋಡಿಕೊಳ್ಳಿ ಎಂದರು. ನೋಡಿಕೊಳ್ಳಿ ಎನ್ನುವುದಕ್ಕೂ ಏನು ಕಷ್ಟ?

ಅಜ್ಜ ಬಂಡೆಯದೊಂದು ಬಾಚಣಿಗೆ ತಂದ. ಮುಗಿಲಿಯನ್ನು ಮುಂದೆ ಕೂರಿಸಿಕೊಂಡ. ಬುಡಕ್ಕೆ ಬಾಚಣಿಗೆ ಹಾಕಿ ಎಳೆದ. ಮುಗಿಲಿ ಕಿರುಚಿದಳು. ಮತ್ತೆ ಎಳೆದ. ಒಂದು ಹಿಡಿ ಕೂದಲು ಕಿತ್ತು ಬಂತು. ಬಾಚಣಿಗೆಯ ಹಲ್ಲು ಮುರಿಯಿತು. ತುರುಬು ಹಾಗೇ ಇತ್ತು.

"ಒದ್ದೆ ಕೂದಲು ಕಟ್ಟಬಾರದು ಎಂದು ಹೇಳಿದ್ದೆನೋ ಇಲ್ಲವೋ?"

ಮುಗಿಲಿ ಕಿತ್ತು ಬಂದ ಕೂದಲನ್ನು ಎತ್ತಿಕೊಂಡಳು.

ಮೂಡಣದಲ್ಲಿ ನಿಂತಿದ್ದ ಘಟ್ಟ ಇದನ್ನೆಲ್ಲ ನೋಡುತ್ತಿದ್ದ. ಘಟ್ಟನದು ಬೋಳು ಬಂಡೆಯ ತಲೆ. ಅವನು ಗಂಟಲು ಸರಿಮಾಡಿಕೊಂಡ. "ನನ್ನ ತಲೆ ನೋಡು ಮಾರಾಯ. ತೊಳೆಯುವುದಿಲ್ಲ, ಬಾಚುವುದಿಲ್ಲ. ಏನಾದರೂ ತೊಂದರೆ ಇದೆಯಾ? ಹುಡುಗಿಯನ್ನು ಇತ್ತ ಕಳಿಸು. ನನ್ನ ಅಂಚು ಹರಿತ. ಬೋಳಿಸಿಬಿಡುತ್ತೇನೆ."

ಅಜ್ಜನಿಗೆ ಸಾಕಾಗಿತ್ತು. ತಲೆ ಕಾದಿತ್ತು. "ಆಯಿತು, ಬೋಳಿಸು," ಎಂದ. ಹೊತ್ತು ಮುಳುಗುತ್ತಲೇ ಬೋಳಿಸುವುದು ಎಂದು ಮಾತಾಯಿತು.

ಮುಗಿಲಿ ಎದ್ದು ಘಟ್ಟದ ಕಡೆ ಹೊರಟಳು. ದೂಡಲು ಗಾಳಿ ಇಲ್ಲ. ಭಾರದ ತುರುಬು ಹೊತ್ತು ನಿಧಾನ, ನಿಧಾನ ಹೋದಳು. ಸ್ವಲ್ಪ ದೂರ ಹೋಗಿ ನಿಂತಳು.

"ಅಜ್ಜ, ಬೋಳಿಸಿದರೆ ನೋಯುತ್ತದಾ?"

ಅಜ್ಜ ತಿಳಿಯದು ಎಂದ. ಅವಳು ಮತ್ತೆ ಹೊರಟಳು.

ಅಜ್ಜ ಅವಳು ಹೋಗುವುದನ್ನೇ ನೋಡಿದ. ಕೊಟ್ಟ ಮಾತು ಕೊಟ್ಟಾಗಿತ್ತು. ಸುಮ್ಮನೆ ದಡದ ಕಡೆ ನೋಡುತ್ತ ಮಲಗಿದ.

ದಡದ ಮೇಲೆ ಮುತ್ತಕ್ಕ ಎಂಬ ಹೆಂಗಸು ಮಗಳಿಗೆ ತಲೆಸ್ನಾನ ಮಾಡಿಸಿ ಕೂತಿದ್ದಳು. ಮಗಳ ಹೆಸರು ಚಂಪಿ. ಚಂಪಿಯದೂ ಮೊಣಕಾಲಿಗೆ ಬರುವ ಕೂದಲು. ಮುತ್ತಕ್ಕ ಮಗಳ ತಲೆ ಬಗ್ಗಿಸಿ, ಕೂದಲೆಲ್ಲ ಮುಂದೆ ಹಾಕಿ, ತೆಳ್ಳನೆಯ ಬಿಳಿ ಬಟ್ಟೆಯಿಂದ ಝಾಡಿಸುತ್ತಿದ್ದಳು. ಅಜ್ಜನಿಗೆ ದೂರದಿಂದ ಬಟ್ಟೆ ಬೆಳ್ಳಗೆ ಮಿನುಗಿದ್ದು ಮೊದಲು ಕಂಡಿತು. ಪಟ್ ಎಂಬ ಸದ್ದು ಆಮೇಲೆ ಬಂತು. ದೂರದಿಂದ ನೋಡಿದರೆ ಯಾವಾಗಲೂ ಹಾಗೇ.

ಸೆಕೆ ಅವರಿಗೂ ಇತ್ತು. ಆದರೂ ಚಂಪಿಯ ಕೂದಲು ಎಳೆ ಎಳೆಯಾಗಿ ಬಿಡುತ್ತಿತ್ತು.

ಕೇಳುವುದಕ್ಕೆ ಅಜ್ಜನಿಗೆ ಮನಸ್ಸಿಲ್ಲ. ಕಡಲು ಯಾರನ್ನಾದರೂ ಏನಾದರೂ ಕೇಳುವುದುಂಟೇ? ಸುಮ್ಮನೆ ಒಂದು ಅಲೆಯಷ್ಟು ಹತ್ತಿರ ಬಂದು ನೋಡಿದ. ಹಿಂದೆ ಸರಿದ. ಇನ್ನೊಂದು ಅಲೆಯಷ್ಟು ಬಂದ. ಮತ್ತೆ ಸರಿದ.

"ಚಾಪೆ ಒದ್ದೆಯಾಯಿತು ಅಜ್ಜ," ಎಂದಳು ಮುತ್ತಕ್ಕ ತಿರುಗದೆ. "ಏನು ಬೇಕೋ ಬಾಯಿಬಿಟ್ಟು ಹೇಳಿ."

ಅಜ್ಜ ಹೇಳಿದ. ತುರುಬು, ಗಂಟು, ವಾಸನೆ, ಕೊನೆಗೆ ಘಟ್ಟನಿಗೆ ಕೊಟ್ಟ ಮಾತು. ಬೋಳಿಸುವ ಮಾತು ಬಂದಾಗ ಮುತ್ತಕ್ಕನ ಕೈ ನಿಂತಿತು.

"ಬೋಳು ಮೋಡ ನೋಡಿಲ್ಲವಾ ನೀವು? ಚಳಿಗಾಲದಲ್ಲಿ ಬರುತ್ತವಲ್ಲ, ಹಿಂಜಿದ ಅರಳೆಯ ಹಾಗೆ. ಅದರಲ್ಲಿ ಒಂದು ಹನಿ ಇರುತ್ತದಾ? ನೀರು ನಿಲ್ಲುವುದೇ ಕೂದಲಲ್ಲಿ. ಬೋಳಿಸಿದರೆ ಇನ್ನು ಮಳೆ ಎಲ್ಲಿ?"

ಅಜ್ಜ ಇದನ್ನು ಯೋಚಿಸಿರಲಿಲ್ಲ. ಸಿಟ್ಟು ಬಂದಾಗ ಯಾರು ಯೋಚಿಸುತ್ತಾರೆ?

ಮುತ್ತಕ್ಕ ಕೇಳಿದಳು, ನೀವು ಎಲ್ಲಿಂದ ಬಾಚಿದಿರಿ ಎಂದು. ಬುಡದಿಂದ ಎಂದ ಅಜ್ಜ. ಚಂಪಿ ಕೂದಲಿನೊಳಗಿಂದಲೇ ಕಿಸಕ್ಕನೆ ನಕ್ಕಳು. ಮುತ್ತಕ್ಕ ಅವಳ ತಲೆಗೆ ಮೆಲ್ಲಗೆ ಒಂದು ಕೊಟ್ಟಳು.

"ತುದಿಯಿಂದ ಅಜ್ಜ. ಮೊದಲು ತುದಿಯ ಗಂಟು. ಅದು ಬಿಟ್ಟ ಮೇಲೆ ಅದರ ಮೇಲಿನದು. ಬುಡಕ್ಕೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಎಳೆಯಬಾರದು. ಸ್ವಲ್ಪ ಎಣ್ಣೆ ಮುಟ್ಟಿಸಿ, ಬೆರಳಲ್ಲಿ ಬಿಡಿಸಬೇಕು."

ಎಣ್ಣೆ ಇಲ್ಲ, ಉಪ್ಪಿದೆ ಎಂದ ಅಜ್ಜ. ಉಪ್ಪು ಬೇಡ ಎಂದಳು. ಬೆರಳೂ ಇಲ್ಲ ಎಂದ.

"ಹಬೆ ಇದೆಯಲ್ಲ. ಬಿಸಿ ಹಬೆಗೆ ಗಂಟು ಮೆತ್ತಗಾಗುತ್ತದೆ. ಅದನ್ನೇ ಬೆರಳು ಮಾಡಿಕೊಳ್ಳಿ."

ಅವಳು ಒಂದು ಕರಟದಲ್ಲಿ ಕೊಬ್ಬರಿ ಎಣ್ಣೆ ಹಾಕಿ ನೀರಿನ ಮೇಲೆ ತೇಲಿಬಿಟ್ಟಳು. ಬಿಚ್ಚಿದ ಮೇಲೆ ಒರಸಬೇಡಿ, ಝಾಡಿಸಿ ಎಂದು ಕೂಗಿ ಹೇಳಿದಳು. ಅಷ್ಟರಲ್ಲಿ ಅಜ್ಜ ಹೊರಟಾಗಿತ್ತು.

ಹೊತ್ತು ಇಳಿಯುತ್ತಿತ್ತು. ಮುಗಿಲಿ ಘಟ್ಟದ ಬುಡ ಮುಟ್ಟಿದ್ದಳು. ಕಡಲು ಊರೊಳಗೆ ಹೋಗುವ ಹಾಗಿಲ್ಲ. ಅಜ್ಜ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ನುಗ್ಗಿ ಹೊಳೆಯೊಳಗೆ ಏರಿದ. ಹೊಳೆ ಇಳಿದು ಬರಬೇಕು, ಕಡಲು ಏರಿ ಹೋಗಬಾರದು. ಹೋದ. ಏದುಸಿರು ಬಿಡುತ್ತ ಘಟ್ಟನ ಕಾಲ ಬಳಿ ಬಂದು, ನಿಲ್ಲು ಎಂದ.

ಮಾತು ಮಾತೇ ಎಂದ ಘಟ್ಟ. ಅಂಚು ಮಸೆದುಕೊಂಡು ಕೂತಿದ್ದ.

"ಹೊತ್ತು ಮುಳುಗಿಲ್ಲ," ಎಂದ ಅಜ್ಜ. "ಅಲ್ಲಿವರೆಗೆ ತಲೆ ನನ್ನದು."

ಮುಗಿಲಿಯನ್ನು ಮುಂದೆ ಕೂರಿಸಿಕೊಂಡ. ಮುದ್ದೆಯಿಂದ ಹೊರಗೆ ಇಣುಕಿದ್ದ ಒಂದು ತುದಿ ಹುಡುಕಿದ. ಎಣ್ಣೆ ಮುಟ್ಟಿಸಿದ. ಹಬೆಯನ್ನು ಸಣ್ಣ ಸಣ್ಣ ಬೆರಳು ಮಾಡಿ ಮೇಲೆ ಕಳಿಸಿದ. ಯಾವ ಹಬೆಗೆ ಅವಳು ಬೈದಿದ್ದಳೋ ಅದೇ ಹಬೆ.

ಒಂದು ಗಂಟು ಬಿಟ್ಟಿತು.

ತುದಿಯಿಂದ. ಅದರ ಮೇಲಿನದು. ಅದರ ಮೇಲಿನದು. ನಡುವೆ ಒಂದು ಗಂಟು ಹಟ ಹಿಡಿಯಿತು. ಅಜ್ಜನಿಗೆ ಸಿಟ್ಟು ನೆತ್ತಿಗೇರಿತು. ಎಳೆಯಬೇಕೆನಿಸಿತು. ಮುಗಿಲಿಯ ಹೆಗಲು ಹೆದರಿ ಮೇಲಾಯಿತು. ಅಜ್ಜ ಅದನ್ನು ನೋಡಿದ. ಹಲ್ಲು ಕಚ್ಚಿಕೊಂಡು ಇನ್ನಷ್ಟು ಎಣ್ಣೆ ಮುಟ್ಟಿಸಿದ. ತುದಿಯಿಂದ.

ನಿಧಾನ, ನನ್ನ ಕಾಲು ಅದರಲ್ಲಿದೆ ಎಂದ ಒಳಗಿನಿಂದ ಗಾಳಿ.

"ಬಾಯಿ ಮುಚ್ಚು," ಎಂದ ಅಜ್ಜ.

ಸೂರ್ಯನ ಕೆಳತುದಿ ನೀರಿಗೆ ತಾಗಿತು. ಘಟ್ಟ ಅಂಚು ಎತ್ತಿದ. ಆಗ ಬುಡದ ಕೊನೆಯ ಗಂಟು ಬಿಟ್ಟಿತು.

ಗಾಳಿ ಹೊರಗೆ ಹಾರಿದ. ಎಷ್ಟೋ ದಿನ ಉಸಿರು ಕಟ್ಟಿಕೊಂಡಿದ್ದವನು, ಕಂಡ ಕಂಡಲ್ಲಿ ಓಡಿದ. ತೆಂಗಿನ ತಲೆಗಳನ್ನು ಹಿಡಿದು ಅಲ್ಲಾಡಿಸಿದ. ಒಣಹಾಕಿದ್ದ ಸೀರೆಗಳನ್ನು ಹಾರಿಸಿದ. ಮುತ್ತಕ್ಕನ ಚಾಪೆ ಎತ್ತಿಕೊಂಡು ಹೋದ. ಹೋಗುವಾಗ ಘಟ್ಟನ ಕೆನ್ನೆಗೂ ಒಂದು ಬಿಟ್ಟ.

ಕೂದಲು ಆಕಾಶದ ತುಂಬ ಕೆಳಗೆ ಬಿತ್ತು. ಲೋಕ ಕಪ್ಪಾಯಿತು. ಮುಗಿಲಿ ತಲೆ ಬಗ್ಗಿಸಿದಳು. ಅಜ್ಜ ನೊರೆಯಿಂದ ತೆಳ್ಳನೆಯ ಬಿಳಿ ಬಟ್ಟೆ ಮಾಡಿ ಎಸೆದ. ಗಾಳಿ ಅದನ್ನು ಹಿಡಿದು, ಅವಳ ಕೂದಲು ಝಾಡಿಸಿದ.

ಬಟ್ಟೆ ಬೆಳ್ಳಗೆ ಮಿನುಗಿದ್ದು ಮೊದಲು ಕಂಡಿತು. ಸದ್ದು ಆಮೇಲೆ ಬಂತು. ಲೋಕವೇ ಬೆಚ್ಚಿತು. ಆಮೇಲೆ ನೀರು. ಕಟ್ಟಿಟ್ಟಿದ್ದ ಅಷ್ಟೂ ನೀರು.

ಚಂಪಿ ಅಂಗಳಕ್ಕೆ ಓಡಿ ಕುಣಿದಳು. ಈಗ ತಾನೇ ಒಣಗಿಸಿದ ತಲೆ ಎಂದು ಮುತ್ತಕ್ಕ ಒಳಗಿನಿಂದ ಬೈದಳು. ಯಾರಿಗೆ ಕೇಳಿಸುತ್ತದೆ?

ಘಟ್ಟನಿಗೂ ಒಂದು ಕೆಲಸ ಬಿತ್ತು. ವಾಸನೆ ಹೋಗಬೇಕಲ್ಲ. ಅಂಚು ಕೆಳಗಿಟ್ಟು, ಮುಗಿಲಿಯ ಕೂದಲಿಗೆ ಧೂಪ ಹಾಕು ಎಂದ ಅಜ್ಜ. ಘಟ್ಟ ಗೊಣಗಲಿಲ್ಲ. ಅವನ ತಲೆಯ ಮೇಲೂ ಮೊದಲ ಸಲ ಹುಲ್ಲು ಚಿಗುರುತ್ತಿತ್ತು. ಮಳೆ ನಿಂತು ಹೊಳವಾದಾಗ ಘಟ್ಟದ ಮಡಿಲಿನಿಂದ ಬೆಳ್ಳಗೆ ಹೊಗೆ ಏಳುವುದನ್ನು ನೀವು ನೋಡಿದ್ದೀರಿ. ಅದೇ ಧೂಪ.

ಮುಗಿಲಿ ಕೂದಲು ಹರಡಿಕೊಂಡು ಅಜ್ಜನ ಮೇಲೆ ಒರಗಿದಳು. ಇನ್ನು ಮೇಲೆ ಒದ್ದೆ ಕೂದಲು ಕಟ್ಟುವುದಿಲ್ಲ ಎಂದಳು. ಆಣೆ ಇಟ್ಟಳು. ಅಜ್ಜ ನಂಬಿದ.

ಮರುವರ್ಷ ಕಟ್ಟಿದಳು.

ಅದರ ಮರುವರ್ಷವೂ ಕಟ್ಟಿದಳು. ಲೋಕ ಹಳೆಯದಾಯಿತು, ಹಸಿರು ಆರಿತು, ಅವಳು ಕಟ್ಟುವುದು ಬಿಡಲಿಲ್ಲ. ಸೆಕೆ ಅಜ್ಜ, ಕುತ್ತಿಗೆಗೆ ಅಂಟುತ್ತದೆ ಅಜ್ಜ ಎನ್ನುತ್ತಾಳೆ. ಇವಳು ಕಟ್ಟಿದ್ದಕ್ಕೇ ಸೆಕೆ ಎಂದು ಹೇಳಿ ಹೇಳಿ ಅಜ್ಜನ ಗಂಟಲು ಒಡೆದಿದೆ.

ಅದಕ್ಕೇ ಇವತ್ತಿಗೂ ಮಳೆಗೆ ಮುಂಚೆ ಎಲೆ ಅಲುಗುವುದಿಲ್ಲ, ನಿಮ್ಮ ಕೂದಲು ಕುತ್ತಿಗೆಗೆ ಅಂಟುತ್ತದೆ, ಮೇಲೆ ನೋಡಿದರೆ ಕಪ್ಪು ತುರುಬೊಂದು ಸುಮ್ಮನೆ ಕೂತಿರುತ್ತದೆ. ಕಡಲ ಕಡೆ ಕಿವಿಕೊಟ್ಟರೆ, ತುದಿಯಿಂದ ಒಂದೊಂದೇ ಗಂಟು ಬಿಡಿಸುತ್ತ ಮುದುಕ ಗೊಣಗುವುದು ಕೇಳಿಸುತ್ತದೆ.