ಗುರುತು ಬರೆದುಕೊಂಡ ಪಂಡಿತ

"ಗುರುಗಳೇ, ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವರ ಶಿಬಿರಕ್ಕೆ ನಾಳೆ ಹೊರಟಿದ್ದೇನೆ. ಅವರ ಕಷ್ಟವನ್ನು ಕೇಳಿ ಗ್ರಂಥ ಬರೆಯಬೇಕು. ಹೇಗೆ ಕೇಳಿದರೆ ಅವರು ಮನಸ್ಸು ಬಿಚ್ಚಿ ಮಾತನಾಡುತ್ತಾರೆ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಸಿಟ್ಟು ಬಂತು. "ಕುಳಿತುಕೋ. ಹಾಗೆ ಕೇಳಲು ಬಲ್ಲವನೊಬ್ಬನ ಕತೆ ಹೇಳುತ್ತೇನೆ" ಎಂದರು.

ಒಬ್ಬ ಪಂಡಿತ ಅಂಥದೇ ಶಿಬಿರಕ್ಕೆ ಹೋದ. ಅಲ್ಲಿ ಒಬ್ಬ ತಾಯಿ ಇದ್ದಳು. ಓಡಿಬರುವ ಗದ್ದಲದಲ್ಲಿ ಅವಳ ಆರು ವರ್ಷದ ಮಗಳು ಕೈತಪ್ಪಿ ಹೋಗಿದ್ದಳು. ಆ ಶಿಬಿರಕ್ಕೆ ಕಾಗದ ಹಿಡಿದು ಬರುವವರಿಗೆ ಇದ್ದದ್ದು ಒಂದೇ ಕೆಲಸ. ಕಳೆದುಹೋದವರ ಗುರುತು ಬರೆದುಕೊಂಡು ಬೇರೆ ಶಿಬಿರಗಳಲ್ಲಿ ಹುಡುಕುತ್ತಿದ್ದರು. ಪಂಡಿತನ ಕೈಯಲ್ಲೂ ಕಾಗದವಿತ್ತು. "ನಿನ್ನ ಮಗಳ ವಿಷಯ ಹೇಳಮ್ಮ" ಎಂದ. ಆಕೆ ಹೇಳಿದಳು. ಎಡ ಮೊಣಕೈಯ ಸುಟ್ಟ ಕಲೆ, ಮುರಿದ ಮುಂದಿನ ಹಲ್ಲು, ಹೆದರಿದಾಗ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ, ಒಂದನ್ನೂ ಬಿಡಲಿಲ್ಲ.

ಎರಡನೆಯ ದಿನ ಆಕೆ, "ಅವಳಿಗೆ ಗುಂಪು ಕಂಡರೆ ಭಯ ಸ್ವಾಮಿ, ಸಿಕ್ಕಿದ ಕೂಡಲೇ ಎತ್ತಿಕೊಂಡುಬಿಡಿ" ಎಂದಳು. ಆಕೆ ತನ್ನನ್ನು ಯಾರೆಂದು ತಿಳಿದಿದ್ದಾಳೆ ಎಂಬುದು ಪಂಡಿತನಿಗೆ ಆಗಲೇ ಗೊತ್ತಾಯಿತು. ನಾನು ಹುಡುಕುವವನಲ್ಲ ತಾಯಿ, ಎನ್ನಲು ಎಷ್ಟು ಹೊತ್ತು ಬೇಕು? ಹೇಳಿದರೆ ಅವಳ ಮಾತು ನಿಂತುಹೋದೀತು ಎಂದು ಆ ಪಾಪಿ ಬಾಯಿಗೆ ಬೀಗ ಹಾಕಿಕೊಂಡ.

ಐದನೆಯ ದಿನ, ಹೊಳೆಯಾಚೆಯ ಶಿಬಿರದಲ್ಲಿ ಮಕ್ಕಳನ್ನು ಹುಡುಕಲು ದೋಣಿ ಹೊರಟಿತು. ಮಕ್ಕಳನ್ನು ಕಳೆದುಕೊಂಡವರೆಲ್ಲ ಹತ್ತಿದರು. ಆಕೆ ಹತ್ತಲಿಲ್ಲ. "ನನ್ನ ಮಗಳನ್ನು ಈ ಸ್ವಾಮಿಗಳೇ ಹುಡುಕುತ್ತಿದ್ದಾರೆ. ಇವತ್ತೂ ಏನೋ ಕೇಳುವುದಿದೆಯಂತೆ" ಎಂದಳು. ಪಂಡಿತ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ದೋಣಿ ಹೋಯಿತು. ಅವನು ಹೊಸ ಹಾಳೆ ತೆಗೆದ.

ಮರುವಾರ ಆಚೆಯ ಶಿಬಿರವನ್ನು ಕಿತ್ತರು. ಅಲ್ಲಿದ್ದ ಮಕ್ಕಳನ್ನು ಎಲ್ಲೆಲ್ಲಿಗೋ ಕಳಿಸಿಬಿಟ್ಟರು. ಅವರಲ್ಲಿ ಅವಳ ಮಗಳಿದ್ದಳೋ ಇಲ್ಲವೋ, ನೋಡಲು ತಾಯಿ ಹೋಗಿರಲಿಲ್ಲ.

ವರ್ಷ ಕಳೆದು ಗ್ರಂಥ ಬಂತು. ಪಂಡಿತನಿಗೆ ಶಾಲು ಹೊದಿಸಿದರು. ಅವನು ಆ ತಾಯಿಯ ಮಾತುಗಳನ್ನು ಓದಿದಾಗ ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ತಡವರಿಸುತ್ತ ಹೇಳಿದ: "ಆದರೆ ಗುರುಗಳೇ, ಅವನು ಸುಳ್ಳನ್ನಂತೂ ಹೇಳಲಿಲ್ಲವಲ್ಲ?"

"ಅವನೂ ಅದನ್ನೇ ಹೇಳಿಕೊಂಡು ಬದುಕಿದ್ದಾನೆ, ನೀನು ಹೊರಡುವ ಮೊದಲೇ ಕಲಿತುಬಿಟ್ಟೆ."