ಜಾರಿದ ಗಂಟು

ಜಾಲಿಮರದಲ್ಲಿ ಗಂಡು ಗೀಜಗನೊಬ್ಬ ಗೂಡು ನೇಯ್ದು, ಮೆಚ್ಚಿದವಳು ಮನೆಯೊಡತಿಯಾಗಲಿ ಎಂದು ಹೆಣ್ಣು ಗೀಜಗಗಳನ್ನು ಕರೆದ. ಮೊದಲು ಬಂದವಳು ಒಳಗೆ ಕಾಲಿಟ್ಟದ್ದೇ ತಡ, ಗೂಡು ಕಳಚಿ ನೆಲಕ್ಕೆ ಬಿತ್ತು. ಅವಳು ಹೇಗೋ ಹಾರಿ ಪಾರಾದಳು. ಮರದ ಹಕ್ಕಿಗಳೆಲ್ಲ ಗೊಳ್ಳೆಂದು ನಕ್ಕವು.

ಪಕ್ಕದ ಕೊಂಬೆಯ ಕಾಗೆ ಗೀಜಗನ ಕಿವಿಯಲ್ಲಿ ಉಸುರಿತು: “ತಪ್ಪನ್ನು ಗಾಳಿಯ ಮೇಲೆ ಹಾಕು. ಬಿದ್ದದ್ದನ್ನು ಬೇಗ ಪೊದೆಗೆ ನೂಕು. ಸಂಜೆಯೊಳಗೆ ಎಲ್ಲರೂ ಮರೆಯುತ್ತಾರೆ.”

“ಒಂದೆಲೆಯೂ ಅಲುಗುತ್ತಿಲ್ಲವಲ್ಲ, ಕಾಗಣ್ಣ!” ಎಂದ ಗೀಜಗ ಕೆಳಗಿಳಿದು, ಬಿದ್ದ ಗೂಡನ್ನು ಎಲ್ಲರೆದುರು ತಿರುವಿ ತೋರಿಸಿದ. “ತಪ್ಪು ನನ್ನದೇ, ಕ್ಷಮಿಸಬೇಕು. ಒಣಹುಲ್ಲಿನಲ್ಲಿ ಬಿಗಿದಿದ್ದೆ, ಈ ಗಂಟು ಜಾರಿತು. ಹಸಿಹುಲ್ಲಿನಲ್ಲಿ ಮೂರು ಸುತ್ತು ಬಿಗಿಯುತ್ತೇನೆ. ನಾಳೆ ಬಂದು ನೋಡಿ.”

ಮರುದಿನ ಎಲ್ಲರೂ ಬಂದರು. ಗೀಜಗ ಹೊಸ ಗೂಡಿಗೆ ಕಾಗೆಯನ್ನೇ ಜೋತುಬೀಳಲು ಹೇಳಿದ. ಕಾಗೆ ಮನಸಾರೆ ಜೋಕಾಲಿಯಾಡಿತು, ಇಳಿಯೆಂದರೂ ಇಳಿಯಲಿಲ್ಲ. ಗಂಟು ಮಿಸುಕಲಿಲ್ಲ.

ನಿನ್ನೆ ಪಾರಾದವಳು ಮುಂದೆ ಬಂದಳು. ನೆರೆಯ ಗಂಡು ಗೀಜಗನೊಬ್ಬನಿಗೆ ತಡೆಯಲಾಗಲಿಲ್ಲ. “ಇತ್ತ ಬಾ! ನನ್ನ ಗೂಡು ಒಮ್ಮೆಯೂ ಬಿದ್ದಿಲ್ಲ!”

“ಅದೇ ನನಗೆ ಭಯ. ತನ್ನ ಗೂಡು ಎಲ್ಲಿ ಕಳಚುತ್ತದೆಂದು ಇವನಿಗೆ ಗೊತ್ತು. ನಿನ್ನದು ಎಲ್ಲಿ ಕಳಚುತ್ತದೆಂದು ನಿನಗೇ ಗೊತ್ತಿಲ್ಲ,” ಎಂದವಳೇ ಹೊಸ ಗೂಡಿನೊಳಗೆ ನುಗ್ಗಿದಳು.